ಗ್ರೇ ಗಿಣಿ ಎದೆ ಪುಕ್ಕ ಎಲ್ಲಾ ತಾನೇ ಕಿತ್ಕೊಳ್ತಿದೆ, ಏನ್ ಮಾಡೋದು ಗೊತ್ತಾಗ್ತಿಲ್ಲ

ಶಾಮಣ್ಣನ_ಮನೆ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ಮನೇಲಿ ಒಂದು ಆಫ್ರಿಕನ್ ಗ್ರೇ ಇದೆ, ಹೆಸರು ಶಾಮಣ್ಣ, 6 ವರ್ಷ, ಡಿಎನ್‌ಎ ಟೆಸ್ಟ್ ಪ್ರಕಾರ ಗಂಡು. ದಾವಣಗೆರೇಲಿ ಸ್ವಂತ ಮನೇಲಿದ್ದಾಗ ಹಿತ್ತಲ ಕಡೆ ವೆರಾಂಡದಲ್ಲಿ ಇರ್ತಿದ್ದ, ಆರಾಮಾಗಿದ್ದ, ಕುಕ್ಕರ್ ಸೀಟಿ ಹೊಡೆಯೋದು, ನಮ್ಮ ಮಾವನ ತರ ಕೆಮ್ಮೋದು, ಬೆಳಿಗ್ಗೆ ಬೆಳಿಗ್ಗೆ "ಹಾಲು ಬಂತಾ" ಅಂತ ಕೇಳೋದು ಎಲ್ಲಾ ಮಾಡ್ತಿದ್ದ. ಹೋದ ವರ್ಷ ನಮ್ಮವರಿಗೆ ಟ್ರಾನ್ಸ್‌ಫರ್ ಆಗಿ ಬೆಂಗಳೂರಿಗೆ ಬಂದ್ವಿ, ಅಪಾರ್ಟ್‌ಮೆಂಟು, 9ನೇ ಮಹಡಿ.

ಬಂದು ಎರಡು ತಿಂಗಳಿಗೇ ಶುರುವಾಯ್ತು. ಮೊದಲು ಪಂಜರದ ತಟ್ಟೇಲಿ ಸಣ್ಣ ಬೂದಿ ಪುಕ್ಕ ಜಾಸ್ತಿ ಬೀಳ್ತಿತ್ತು, ಪುಕ್ಕ ಉದುರೋ ಕಾಲ ಇರಬೇಕು ಅಂದ್ಕೊಂಡು ಸುಮ್ಮನಿದ್ವಿ. ಆಮೇಲೆ ನೋಡಿದ್ರೆ ಎದೆ ಮಧ್ಯೆ ಒಂದು ರೂಪಾಯಿ ನಾಣ್ಯದಷ್ಟು ಬೋಳು, ಈಗ ನಾಲ್ಕು ತಿಂಗಳಲ್ಲಿ ಎದೆ ಪೂರ್ತಿ, ತೊಡೆ, ರೆಕ್ಕೆ ಒಳಗಡೆ ಎಲ್ಲಾ ಹೋಗಿದೆ, ಹತ್ತಿ ತರ ಚೂರು ತುಪ್ಪಳ ಉಳಿದಿದೆ ಅಷ್ಟೆ, ಸಿಪ್ಪೆ ಸುಲಿದ ಕೋಳಿ ತರ ಕಾಣ್ತಾನೆ ಪಾಪ. ತಲೆ ಪುಕ್ಕ, ಕೆಂಪು ಬಾಲ ಸರಿಯಾಗೇ ಇದೆ. ಊಟ ಮಾಡ್ತಾನೆ, ಮಾತು ಮಾತ್ರ ಕಮ್ಮಿ ಆಗಿದೆ.

ಹತ್ತಿರದ ಪೆಟ್ ಶಾಪ್‌ನವನು ನೋಡಿದ ತಕ್ಷಣ ಹೇನು ಅಂದ, 450 ರೂಪಾಯಿ ಸ್ಪ್ರೇ ಕೊಟ್ಟ, ಹೊಡೆದ ಮೇಲೆ ಇನ್ನೂ ಜಾಸ್ತಿ ಕೆರ್ಕೊಂಡ. ಅತ್ತೆ ದೃಷ್ಟಿ ಆಗಿದೆ ಅಂತ ಪಂಜರಕ್ಕೆ ಕಪ್ಪು ದಾರ ಕಟ್ಟಿದಾರೆ (ಅದನ್ನೂ ಅರ್ಧ ಕಡಿದು ಹಾಕಿದಾನೆ). ಪಕ್ಕದ ಫ್ಲಾಟ್‌ನವರು ಕೊಬ್ಬರಿ ಎಣ್ಣೆ ಹಚ್ಚಿ ಅಂತಾರೆ. ತಿನ್ನೋಕೆ ಸೂರ್ಯಕಾಂತಿ ಬೀಜ, ಕಡ್ಲೆಕಾಯಿ, ಜೊತೆಗೆ ನಾವು ತಿನ್ನೋ ಇಡ್ಲಿ, ಚಪಾತಿ, ಒಂದೊಂದ್ಸಲ ಆಪಲ್. ಇದು ಕಾಯಿಲೆನಾ ಅಥವಾ ಮನಸ್ಸಿಗೆ ಬೇಜಾರಾಗಿ ಮಾಡ್ಕೊಳ್ತಿದಾನಾ? ಯಾರಿಗಾದ್ರೂ ಅನುಭವ ಇದ್ರೆ ಹೇಳಿ ಪ್ಲೀಸ್.

ಕುಡ್ಲದ_ಹಕ್ಕಿ:

ಎಣ್ಣೆ ಮಾತ್ರ ಹಚ್ಚಬೇಡಿ ಆಯ್ತಾ, ಅದನ್ನು ಮೊದಲು ಹೇಳಿ ಬಿಡ್ತೇನೆ. ಪುಕ್ಕಕ್ಕೆ ಎಣ್ಣೆ ತಾಗಿದ್ರೆ ಅದು ಅಂಟಿಕೊಂಡು ಮೈ ಬೆಚ್ಚಗೆ ಇಡುವುದಿಲ್ಲ, ಮತ್ತೆ ಹಕ್ಕಿ ಅದನ್ನು ತೆಗೀಲಿಕ್ಕೆ ಅಂತ ಇಡೀ ದಿನ ಕೊಕ್ಕಲ್ಲಿ ಉಜ್ಜಿ ಉಜ್ಜಿ ಇನ್ನೂ ಕೀಳ್ತದೆ, ಹೊಟ್ಟೆಗೂ ಹೋಗ್ತದೆ.

ನಾನು 15 ವರ್ಷದಿಂದ ಗಿಳಿ ಸಾಕ್ತಾ ಇದ್ದೇನೆ, ಡಾಕ್ಟರ್ ಅಲ್ಲ, ಕಂಡದ್ದು ಹೇಳ್ತೇನೆ. ತಲೆ ಪುಕ್ಕ ಸರಿ ಉಂಟು ಅಂದ್ರಲ್ಲ, ಅದು ದೊಡ್ಡ ಸುಳಿವು. ಹಕ್ಕಿಗೆ ತನ್ನ ಕೊಕ್ಕು ತನ್ನ ತಲೆಗೆ ಎಟಕುದಿಲ್ಲ. ಹಾಗಾಗಿ ಕುತ್ತಿಗೆಯಿಂದ ಕೆಳಗೆ ಮಾತ್ರ ಬೋಳಾಗಿದ್ರೆ ತಾನೇ ಕೀಳುದು ಅಂತ ಲೆಕ್ಕ. ತಲೆಯಲ್ಲೂ ಹೋಗಿದ್ರೆ ಒಂದೋ ಜೊತೆಗಿರುವ ಇನ್ನೊಂದು ಹಕ್ಕಿ ಕೀಳ್ತದೆ, ಇಲ್ಲ ಪುಕ್ಕದ ವೈರಸ್ ಕಾಯಿಲೆ. ಹೇನಿಗೂ ಇದಕ್ಕೂ ಮನೆ ಒಳಗೆ ಒಂಟಿಯಾಗಿರುವ ಗಿಳಿಯಲ್ಲಿ ಸಂಬಂಧ ಇರುವುದು ಬಹಳ ಕಡಿಮೆ, ಅಂಗಡಿಯವರಿಗೆ ಮಾರ್ಲಿಕ್ಕೆ ಇರುವುದು ಸ್ಪ್ರೇ, ಹಾಗಾಗಿ ಎಲ್ಲದಕ್ಕೂ ಹೇನು.

ಹಾಗಂತ ತಾನೇ ಕೀಳುದು ಅಂದ ಕೂಡ್ಲೇ ಮನಸ್ಸಿನ ಬೇಜಾರು ಅಂತ ನಿರ್ಧಾರ ಮಾಡ್ಬೇಡಿ ಮಾರಾಯ್ರೆ. ಒಳಗೆ ಎಲ್ಲೋ ನೋವಿದ್ರೂ, ಲಿವರ್ ಸರಿ ಇಲ್ಲದಿದ್ರೂ ಆ ಜಾಗದ ಮೇಲಿನ ಪುಕ್ಕ ಕೀಳ್ತವೆ. ಮೊದಲು ಹಕ್ಕಿ ನೋಡುವ ಡಾಕ್ಟರ್, ಆಮೇಲೆ ಉಳಿದದ್ದು. ಮತ್ತೆ ಆ ಊಟ ಎಂತದ್ದು! ಬರೀ ಸೂರ್ಯಕಾಂತಿ, ಕಡ್ಲೆ ಅಂದ್ರೆ ನಾವು ದಿನಾ ಬರೀ ಗೋಳಿಬಜೆ ತಿಂದ ಹಾಗೆ.

ಮನೆಮದ್ದು_ರಾಯ:

ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ ಮೇಡಂ, ಅರಿಶಿನ ಕೊಬ್ಬರಿ ಎಣ್ಣೇಲಿ ಕಲಸಿ ಬೋಳಾಗಿರೋ ಜಾಗಕ್ಕೆ 7 ದಿನ ಹಚ್ಚಿ, ಬೇವಿನ ಸೊಪ್ಪು ಕುದಿಸಿದ ನೀರು ಸ್ಪ್ರೇ ಮಾಡಿ, ಕಹಿಗೆ ಬಾಯಿ ಹಾಕಲ್ಲ. ನಮ್ಮ ತಾತನ ಕಾಲದಿಂದ ಮಾಡ್ತಿದೀವಿ.

ಕುಡ್ಲದ_ಹಕ್ಕಿ:

ತಾತನ ಕಾಲದಲ್ಲಿ ಆಫ್ರಿಕನ್ ಗ್ರೇ ಎಲ್ಲಿತ್ತು ಸಾರ್ ನಿಮ್ಮಲ್ಲಿ? 😄 ಕೋಪ ಮಾಡ್ಬೇಡಿ, ಆದ್ರೆ ಮೇಲೆ ಎಣ್ಣೆ ಯಾಕೆ ಬೇಡ ಅಂತ ಹೇಳಿದ್ದೇನೆ. ಕಹಿ ಸ್ಪ್ರೇ ನಾನೂ ಮಾಡಿ ನೋಡಿದ್ದೇನೆ, ಮೈಗೆ ಏನೋ ತಾಗಿದೆ ಅಂತ ಅದನ್ನು ತೆಗೀಲಿಕ್ಕೆ ಹೋಗಿ ಎರಡರಷ್ಟು ಕಿತ್ತಿತು ನನ್ನ ಹಕ್ಕಿ.

ಹೆಬ್ಬಾಳ_ಹಾಸ್ಟೆಲ್:

ನಾನು ವೆಟರ್ನರಿ ಓದ್ತಿದೀನಿ, ಫೈನಲ್ ಇಯರ್, ಅಂದ್ರೆ ಇನ್ನೂ ಡಾಕ್ಟರ್ ಅಲ್ಲ, ಇದನ್ನ ಚಿಕಿತ್ಸೆ ಅಂತ ತಗೋಬೇಡಿ. ಹೋಗೋ ಮುಂಚೆ ಏನು ಕೇಳಬೇಕು ಅಂತ ಗೊತ್ತಿದ್ರೆ ಒಳ್ಳೇದು ಅಂತ ಬರೀತಿದೀನಿ. ನಾಯಿ, ಹಸು ನೋಡೋ ಎಲ್ರೂ ಗಿಣಿ ನೋಡಲ್ಲ, ಫೋನ್ ಮಾಡಿ ಪಕ್ಷಿ ಕೇಸ್ ನೋಡ್ತೀರಾ ಅಂತ ಕೇಳ್ಕೊಂಡು ಹೋಗಿ. ಬೆಂಗಳೂರಲ್ಲಿ ಎಕ್ಸಾಟಿಕ್ಸ್ (ಗಿಣಿ, ಆಮೆ ತರದ ಅಪರೂಪದ ಸಾಕುಪ್ರಾಣಿ) ನೋಡೋರು ಇದಾರೆ, ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೇಲೂ ವಿಚಾರಿಸಬಹುದು.

ಸಾಮಾನ್ಯವಾಗಿ ಮಾಡ್ಸೋದು: ರಕ್ತ ಪರೀಕ್ಷೆ (ಲಿವರ್, ಕಿಡ್ನಿ, ಕ್ಯಾಲ್ಸಿಯಂ), ಹಿಕ್ಕೆ ಪರೀಕ್ಷೆ, ಎಕ್ಸ್‌ರೇ, ಮತ್ತೆ ಪಿಬಿಎಫ್‌ಡಿ ಅನ್ನೋ ಕೊಕ್ಕು-ಪುಕ್ಕದ ವೈರಸ್‌ಗೆ ಪಿಸಿಆರ್. ಎಕ್ಸ್‌ರೇ ಯಾಕೆ ಅಂದ್ರೆ ಗಿಣಿಗಳಿಗೆ ಲೋಹ ಕಡಿಯೋ ಚಟ, ಗ್ಯಾಲ್ವನೈಸ್ಡ್ ತಂತಿಯ ಸತು, ಹಳೇ ಪೇಂಟಲ್ಲಿರೋ ಸೀಸ ಹೊಟ್ಟೆಗೆ ಹೋಗಿದ್ರೆ ಲೋಹದ ಚೂರು ಅದರಲ್ಲಿ ಕಾಣುತ್ತೆ. ನಿಮ್ಮ ಪಂಜರ ಯಾವ್ದು, ಕಂಬಿ ಮೇಲಿನ ಪೌಡರ್ ಕೋಟಿಂಗ್ (ಪೇಂಟ್ ತರದ ಲೇಪ) ಎದ್ದಿದ್ಯಾ ನೋಡಿ. ಗ್ರೇಗಳಲ್ಲಿ ಕ್ಯಾಲ್ಸಿಯಂ ಕೊರತೆ ಬಹಳ ಕಾಮನ್, ಬೀಜ ಮಾತ್ರ ತಿನ್ನೋ ಗ್ರೇಗಳಲ್ಲಿ ಫಿಟ್ಸ್ ಬರೋವರೆಗೂ ಹೋಗುತ್ತೆ. ವಿಟಮಿನ್ ಎ ಕೂಡ ಬೀಜದಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ, ಅದು ಕಮ್ಮಿ ಆದ್ರೆ ಚರ್ಮ ಒಣಗುತ್ತೆ.

ಡಾಕ್ಟರ್ ಹತ್ರ ಹೋಗುವಾಗ ಅವತ್ತಿನ ಹಿಕ್ಕೆ ಬಿದ್ದ ಪೇಪರ್, ಕಿತ್ತ ಪುಕ್ಕ ಒಂದೆರಡು, ಒಂದು ವಾರ ಏನೇನು ತಿಂದ ಅನ್ನೋ ಪಟ್ಟಿ, ಕಿತ್ಕೊಳ್ಳೋ ವಿಡಿಯೋ ತಗೊಂಡು ಹೋಗಿ. ಇನ್ನೊಂದು, 6 ವರ್ಷ ಅಂದ್ರೆ ವಯಸ್ಸಿಗೆ ಬಂದ ಗಂಡು. ಬೆನ್ನು, ರೆಕ್ಕೆ ಕೆಳಗೆ ಸವರಬೇಡಿ, ಅದು ಅವನಿಗೆ ಬೇರೇನೇ ಅರ್ಥ ಕೊಡುತ್ತೆ, ಹಾರ್ಮೋನ್ ಕೆರಳಿ ಅದಕ್ಕೂ ಕಿತ್ಕೊಳ್ಳೋ ಹಕ್ಕಿಗಳಿದಾವೆ. ತಲೆ ಮಾತ್ರ ಸವರಿ. ರಟ್ಟಿನ ಡಬ್ಬ, ಸೋಫಾ ಕೆಳಗೆ ಕತ್ತಲೆ ಜಾಗ ಇವುಗಳಲ್ಲಿ ನುಗ್ಗೋಕೆ ಬಿಡಬೇಡಿ, ಗೂಡು ಅನ್ಕೊಳ್ತಾನೆ.

ಧಾರವಾಡ_ಫೇಡೆ:

ನಮ್ ಮನ್ಯಾಗೂ ಹಿಂಗ ಆಗಿತ್ರಿ ಅಕ್ಕಾರ, ಆದ್ರ ನಮ್ಮದು ಕಾಕಟೀಲ್, ಜುಟ್ಟಿನ ಸಣ್ಣ ಗಿಣಿ. ರೆಕ್ಕಿ ಸಂದ್ಯಾಗ, ತೊಡಿ ಕಡೆ ಕಚ್ಚಿ ಕಚ್ಚಿ ಕಿತ್ಕೋತಿತ್ತು, ಕಿತ್ಕೊಳ್ಳುವಾಗ ಚೀರತಿತ್ತು ನೋಡ್ರಿ, ಕೇಳಾಕ ಆಗ್ತಿರಲಿಲ್ಲ. ನಾನೂ ಒಂಟಿ ಐತಿ ಅಂತ ತಿಳ್ಕೊಂಡು ಜೋಡಿ ತಂದ್ ಬಿಟ್ಟೆ, ಆರು ತಿಂಗಳ ಹಾಳಾತು, ಅದಕ್ಕೂ ರೋಗ ಹತ್ತಿತು. ಕಡೀಕ ಹಿಕ್ಕಿ ಪರೀಕ್ಷೆ ಮಾಡಿಸಿದ್ರ ಜಿಯಾರ್ಡಿಯಾ, ಹೊಟ್ಟ್ಯಾಗಿನ ಒಂದು ಪರಾವಲಂಬಿ, ಕಾಕಟೀಲ್‌ಗಳಾಗ ಅದು ಇದ್ರ ಮೈ ತುರಿಸ್ತೈತಂತ. ಔಷಧಿ ಕೊಟ್ಟ ಮ್ಯಾಲೆ ನಿಂತ್ ಬಿಡ್ತು. ಅಂದ್ರ ಏನ್ ಹೇಳಾಕ ಹೊಂಟೀನಿ ಅಂದ್ರ, ನನ್ನ ಹಕ್ಕಿಗೆ ಆಗಿದ್ದು ನಿಮ್ದಕ್ಕ ಆಗಿರ್ಬೇಕಂತಿಲ್ಲ, ಆದ್ರ ಟೆಸ್ಟ್ ಮಾಡ್ಸದ ಜೋಡಿ ಮಾತ್ರ ತರಬ್ಯಾಡ್ರಿ. ಎಲ್ಲಾರೂ ಮೊದ್ಲು ಅದನ್ನ ಹೇಳ್ತಾರ.

ಹಸಿರು_ಗಿಣಿ_ಪ್ರಿಯ:

ನಮ್ಮಲ್ಲೂ ಹಸಿರು ಗಿಣಿ ಇದೆ, ಕುತ್ತಿಗೇಲಿ ಗುಲಾಬಿ ಉಂಗುರ, ಅದೂ ಬಾಲದ ಪುಕ್ಕ ಕಡ್ಕೊಳ್ತಿದೆ. ಸೇಮ್ ಟೆಸ್ಟಾ?

ಹೆಬ್ಬಾಳ_ಹಾಸ್ಟೆಲ್:

ಸರ್, ಅದು ನಮ್ಮ ಕಾಡಿನ ಹಕ್ಕಿ, ಮನೇಲಿ ಇಟ್ಕೊಳ್ಳೋದೇ ಅಪರಾಧ, 1972ರ ವನ್ಯಜೀವಿ ಕಾಯ್ದೆ. ಜಾತ್ರೇಲಿ ತಂದಿದ್ರೂ, ಯಾರೋ ಕೊಟ್ಟಿದ್ರೂ ಅಷ್ಟೆ. ಹಾಗಂತ ಕಿಟಕಿ ತೆಗೆದು ಹಾರಿಸಿಬಿಡಬೇಡಿ, ಪುಕ್ಕ ಇಲ್ದಿರೋದು ಕಾಗೆ ಪಾಲಾಗುತ್ತೆ. ಅರಣ್ಯ ಇಲಾಖೆಗೆ ಒಪ್ಪಿಸಿ, ಬೆಂಗಳೂರಾದ್ರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ, ಕೇಳಿ. ಹಾಂ ಮೂಲ ಪ್ರಶ್ನೆ ಕೇಳಿದ ಮೇಡಂ, ಗ್ರೇ ಸಾಕಬಹುದು, ಆದ್ರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿರಬೇಕು, 2017ರಿಂದ ಗ್ರೇ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯೋ ಅಂತಾರಾಷ್ಟ್ರೀಯ ಒಪ್ಪಂದ) ಮೊದಲನೇ ಪಟ್ಟಿಯಲ್ಲಿದೆ. ಮಾಡ್ಸಿದೀರಿ ತಾನೆ?

ಶಾಮಣ್ಣನ_ಮನೆ:

ರಿಜಿಸ್ಟರ್ ಆಗಿದೆ, ಅದೊಂದು ನಮ್ಮವರು ಸರಿಯಾಗಿ ಮಾಡಿದಾರೆ.

ಎಲ್ರಿಗೂ ಥ್ಯಾಂಕ್ಸ್. ಹತ್ತು ದಿನ ಆಯ್ತು, ಡಾಕ್ಟರ್ ಹತ್ರ ಹೋಗಿ ಬಂದ್ವಿ. ಮೊದಲು ಹೋದ ಕ್ಲಿನಿಕ್‌ನಲ್ಲಿ ಪಂಜರ ಕೂಡ ತೆಗೀದೆ ದೂರದಿಂದ ನೋಡಿ ವಿಟಮಿನ್ ಡ್ರಾಪ್ಸ್ ಬರ್ಕೊಟ್ರು, ಸರಿ ಹೋಗಲಿಲ್ಲ, ಇನ್ನೊಬ್ಬ ಎಕ್ಸಾಟಿಕ್ ಡಾಕ್ಟರ್ ಹತ್ರ ಹೋದ್ವಿ. ಒಂದು ಗಂಟೆ ನೋಡಿದ್ರು. ಪಿಬಿಎಫ್‌ಡಿ ನೆಗೆಟಿವ್, ಎಕ್ಸ್‌ರೇನಲ್ಲಿ ಲೋಹ ಏನೂ ಇಲ್ಲ, ಆದ್ರೆ ಲಿವರ್ ಸ್ವಲ್ಪ ದೊಡ್ಡದಾಗಿದೆ, ಕ್ಯಾಲ್ಸಿಯಂ ಕಮ್ಮಿ, ತೂಕ 560 ಗ್ರಾಂ, ಇವನ ಮೈಕಟ್ಟಿಗೆ 460-470 ಇರಬೇಕಿತ್ತಂತೆ. ಪುಕ್ಕ ಇಲ್ದೇ ಬಡಕಲಾಗಿ ಕಾಣ್ತಿದಾನೆ ಅಂತ ನಾನು ಇನ್ನೂ ಒಂದು ಹಿಡಿ ಕಡ್ಲೆಕಾಯಿ ಜಾಸ್ತಿ ಹಾಕ್ತಿದ್ದೆ, ಅಯ್ಯೋ ಅನ್ನಿಸ್ತು. ಕ್ಯಾಲ್ಸಿಯಂ ಕೊಟ್ಟಿದಾರೆ, ಊಟ ಬದಲಾಯಿಸಿ ಅಂದ್ರು. ಕೊಕ್ಕು ಎದೆಗೆ ಎಟಕದ ಹಾಗೆ ಕುತ್ತಿಗೆಗೆ ಕಾಲರ್ ಹಾಕಿ ಅಂತ ನಾನೇ ಕೇಳಿದೆ, ಮಾಂಸ ಕಚ್ಕೊಂಡು ಗಾಯ ಆಗಿದ್ರೆ ಮಾತ್ರ, ಸುಮ್ನೆ ಹಾಕಿದ್ರೆ ಇನ್ನೂ ಗಾಬರಿ ಆಗ್ತಾನೆ, ತೆಗೆದ ದಿನ ಮತ್ತೆ ಅದೇ ಕತೆ ಅಂದ್ರು. ಆಮೇಲೆ ಒಂದು ಹೋಮ್‌ವರ್ಕ್, ಯಾವ ಹೊತ್ತಲ್ಲಿ ಕೀಳ್ತಾನೆ ಅಂತ ಎರಡು ವಾರ ಬರ್ದಿಡಿ ಅಂತ. ನಾನು ಹಳೇ ಫೋನ್ ಪಂಜರದ ಎದುರು ಇಟ್ಟು ರೆಕಾರ್ಡ್ ಮಾಡ್ತಿದೀನಿ.

ಕಷ್ಟ ಏನಂದ್ರೆ ತರಕಾರಿ ಮುಟ್ಟಲ್ಲ. ಕ್ಯಾರೆಟ್ ಇಟ್ರೆ ತೆಗೆದು ನನ್ನ ಮುಖ ನೋಡ್ಕೊಂಡೇ ಕೆಳಗೆ ಬಿಸಾಡ್ತಾನೆ. ಪೆಲೆಟ್ (ಹಕ್ಕಿಗಳ ರೆಡಿಮೇಡ್ ಉಂಡೆ ಆಹಾರ) ಅಂತೂ ನೀರಿಗೆ ಹಾಕಿ ಕಲಸಿ ಬಿಡ್ತಾನೆ. ಹೇಗೆ ಅಭ್ಯಾಸ ಮಾಡ್ಸೋದು?

ಕುಡ್ಲದ_ಹಕ್ಕಿ:

ಹಹಾ, ಮುಖ ನೋಡಿ ಬಿಸಾಡುದು ಗ್ರೇ ಬುದ್ಧಿ. ಅವಸರ ಮಾಡ್ಬೇಡಿ, ಬೀಜ ಒಮ್ಮೆಲೇ ನಿಲ್ಲಿಸಿದ್ರೆ ಉಪವಾಸ ಕೂತು ಬಿಡ್ತವೆ, ಲಿವರ್ ಮೊದಲೇ ಸರಿ ಇಲ್ಲ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ತಗೊಂಡು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೂಕ ನೋಡಿ ಬರ್ದಿಡಿ, ನಿಧಾನಕ್ಕೆ ಇಳಿದ್ರೆ ಒಳ್ಳೆದು, ದಡಬಡ ಇಳಿದ್ರೆ ಡಾಕ್ಟರಿಗೆ ಫೋನ್ ಮಾಡಿ.

ನಾನು ಮಾಡಿದ್ದು ಹೀಗೆ: ಬೆಳಿಗ್ಗೆ ಹಸಿವು ಜಾಸ್ತಿ ಇರುವಾಗ ಮೊದಲು ತರಕಾರಿ, ಬೀಜ ಮಧ್ಯಾಹ್ನದ ಮೇಲೆ. ಮೊಳಕೆ ಬಂದ ಹೆಸರು ಕಾಳು ಒಳ್ಳೆ ಸೇತುವೆ, ಬೀಜದ ಹಾಗೂ ಉಂಟು ತರಕಾರಿ ಹಾಗೂ ಉಂಟು. ಹಸಿಮೆಣಸು ಇಡೀ ಕೊಡಿ, ಹಕ್ಕಿಗೆ ಖಾರ ಗೊತ್ತಾಗುದಿಲ್ಲ, ಒಳಗಿನ ಬೀಜಕ್ಕೆ ಆಸೆ ಬಿದ್ದು ತಿಂತದೆ. ನುಗ್ಗೆ ಸೊಪ್ಪು ಗೊಂಚಲು ಕಟ್ಟಿ ನೀರು ಚಿಮುಕಿಸಿ ನೇತು ಹಾಕಿ, ಕ್ಯಾಲ್ಸಿಯಂಗೆ ಅದು ತುಂಬಾ ಒಳ್ಳೆದು. ಸಿಹಿಕುಂಬಳ ಬೇಯಿಸಿ, ಪಪ್ಪಾಯ, ಕೆಂಪು ದೊಣ್ಣೆಮೆಣಸು, ಇದೆಲ್ಲ ವಿಟಮಿನ್ ಎ. ಮತ್ತೆ ನೀವೇ ಅವನ ಎದುರು ಕೂತು ಚಪ್ಪರಿಸಿ ತಿನ್ನಿ, ಕೊಡ್ಬೇಡಿ. ಎರಡು ದಿನದಲ್ಲಿ ಎಂತ ತಿಂತಿದ್ದಾಳೆ ಇವಳು ಅಂತ ಬರ್ತಾನೆ. ಅವಕಾಡೊ, ಚಾಕಲೇಟ್ ಮಾತ್ರ ಅಪ್ಪಿ ತಪ್ಪಿ ಕೊಡ್ಬೇಡಿ, ವಿಷ.

ಧಾರವಾಡ_ಫೇಡೆ:

ರಾಗಿ ನೆನಸಿ ಮೊಳಕಿ ಬರ್ಸಿ ಕೊಡ್ರಿ, ನವಣಿ ತೆನಿ ಸಿಕ್ರ ಹಂಗ ಇಡೀ ತೆನೀನ ಕಟ್ರಿ, ಬಿಡಿಸ್ಕೊಂಡ್ ತಿನ್ನಾಕ ಅರ್ಧಾ ತಾಸ ಹೋಕ್ಕೈತಿ, ಅಷ್ಟೊತ್ತು ಪುಕ್ಕದ ಕಡೆ ಲಕ್ಷ್ಯ ಇರಂಗಿಲ್ಲ.

ಜರ್ಸಿ_ಕನ್ನಡಿಗ:

ಇದೇ ಪಾಯಿಂಟ್ ನಾನೂ ಹೇಳೋಣ ಅಂತಿದ್ದೆ. ನಾನು ನ್ಯೂಜೆರ್ಸಿಯಲ್ಲಿರೋದು, ನಮ್ಮದೂ ಗ್ರೇ, 19 ವರ್ಷ, ಪುಕ್ಕ ಕೀಳೋ ವಿಷಯದಲ್ಲಿ ಪಿಎಚ್‌ಡಿ ಮಾಡಿದಾಳೆ ನಮ್ಮ ಹುಡುಗಿ. ಕಾಡಲ್ಲಿ ಗಿಣಿಗೆ ದಿನದ ಬಹುಪಾಲು ಹೊತ್ತು ಆಹಾರ ಹುಡುಕೋದ್ರಲ್ಲೇ ಹೋಗುತ್ತೆ, ನಾವು ಬಟ್ಟಲಲ್ಲಿ ತುಂಬಿ ಇಟ್ರೆ ಹತ್ತು ನಿಮಿಷದಲ್ಲಿ ಮುಗೀತು, ಉಳಿದ ಹನ್ನೊಂದು ಗಂಟೆ ಕೊಕ್ಕಿಗೆ ಏನು ಕೆಲಸ? ಹತ್ತಿರ ಸಿಗೋದು ಸ್ವಂತ ಪುಕ್ಕ. ಬಟ್ಟಲು ತೆಗೆದಿಡಿ, ಪೇಪರ್ ಕಪ್‌ನಲ್ಲಿ ಮಡಚಿ, ಜೋಳದ ಸಿಪ್ಪೇಲಿ ಸುತ್ತಿ, ತೆಂಗಿನ ಚಿಪ್ಪಿಗೆ ತೂತು ಕೊರೆದು ಅದರೊಳಗೆ ಇಟ್ಟು ಕೊಡಿ. ಹರೀಲಿ, ಚೂರು ಚೂರು ಮಾಡ್ಲಿ, ಮನೆ ಗಲೀಜಾಗುತ್ತೆ, ಅದು ಆಗೋದೇ.

ನಿದ್ದೆ ಹೇಗೆ? 10ರಿಂದ 12 ಗಂಟೆ ಕತ್ತಲೆ, ನಿಶ್ಶಬ್ದ ಬೇಕು. ನಮ್ಮಮ್ಮ ಇಲ್ಲಿಗೆ ಬಂದಾಗ ಹಾಲ್‌ನಲ್ಲಿ ರಾತ್ರಿ 11ರ ತನಕ ಸೀರಿಯಲ್ ನಡೀತಿತ್ತು, ಆ ಮೂರು ತಿಂಗಳು ನಮ್ಮವಳು ಎದೆ ಪೂರ್ತಿ ಬೋಳು ಮಾಡ್ಕೊಂಡ್ಲು. ಅಮ್ಮಂಗೆ ಹೇಳೋಕಾಗತ್ತಾ, ಹಕ್ಕೀನೇ ಬೆಡ್‌ರೂಮಿಗೆ ಶಿಫ್ಟ್ ಮಾಡಿದ್ವಿ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಗಾಳಿ ಒಣಗಿ ಇನ್ನೂ ಜಾಸ್ತಿ ಕೀಳ್ತಾಳೆ, ಮಳೆಕಾಡಿನ ಹಕ್ಕಿ ಅಲ್ವಾ ಅದು. ನಿಮ್ಮಲ್ಲಿ ಎಸಿ ಇದ್ರೆ ಅದೂ ಹಾಗೇನೇ. ವಾರಕ್ಕೆ ಮೂರು ನಾಲ್ಕು ಸಲ ಬೆಳಿಗ್ಗೆ ಹೊತ್ತು ಬರೀ ನೀರು ಸ್ಪ್ರೇ ಬಾಟಲಿಂದ ಮಳೆ ತರ ಮೇಲಿಂದ ಬೀಳೋ ಹಾಗೆ ಹೊಡೀರಿ, ಮುಖಕ್ಕೆ ಪಿಚಕಾರಿ ಹೊಡೀಬೇಡಿ. ಹಾಗೇ ಅಗರಬತ್ತಿ, ಸೊಳ್ಳೆ ಬತ್ತಿ, ರೂಮ್ ಫ್ರೆಶ್ನರ್ ಅವನಿರೋ ಕಡೆ ಬೇಡ, ನಾನ್‌ಸ್ಟಿಕ್ ಹಂಚು ಖಾಲಿ ಕಾಯಿಸೋದಂತೂ ಬೇಡವೇ ಬೇಡ, ಆ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತೆ, ಇದು ಪುಕ್ಕಕ್ಕೆ ಸಂಬಂಧ ಇಲ್ಲ ಆದ್ರೂ ಹೇಳ್ದೆ.

ಪಂಜರ ಎಲ್ಲಿಟ್ಟಿದೀರಿ? ಒಂದು ಫೋಟೋ ಹಾಕಿ, ಪಂಜರ ಮತ್ತೆ ಅದರ ಸುತ್ತಮುತ್ತ ಕಾಣೋ ತರ.

ಶಾಮಣ್ಣನ_ಮನೆ:

ಫೋಟೋ ಹಾಕಿದೀನಿ ನೋಡಿ. ಬಾಲ್ಕನಿ, ದಿನಾ ಬೆಳಿಗ್ಗೆ 9ಕ್ಕೆ ಅಲ್ಲಿ ಇಡ್ತೀವಿ ಸಂಜೆ ಒಳಗೆ ತರ್ತೀವಿ. ಊರಲ್ಲಿ ಹಿತ್ತಲು ನೋಡ್ಕೊಂಡು ಇದ್ದವನು, ಇಲ್ಲಿ ಗೋಡೆ ನೋಡ್ಕೊಂಡಿರೋದು ಬೇಡ ಅಂತ ಮನೇಲಿ ಒಳ್ಳೇ ಜಾಗಾನೇ ಅವನಿಗೆ ಕೊಟ್ಟಿದೀವಿ, ಗಾಳಿ ಬೆಳಕು ಚೆನ್ನಾಗಿದೆ, ಊರೆಲ್ಲಾ ಕಾಣುತ್ತೆ.

ಡೈರಿ ಬಗ್ಗೆ: ವಿಚಿತ್ರ ಅಂದ್ರೆ ರಾತ್ರಿ ಕೀಳೋದು ಕಮ್ಮಿ. ಜಾಸ್ತಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ. ನಾನು ಮನೇಲೇ ಇರ್ತೀನಿ, ಒಂಟಿ ಅಂತಾನೂ ಅಲ್ಲ. ಭಾನುವಾರ ಬಾಲ್ಕನಿ ತೊಳೀತೀವಿ ಅಂತ ಪಂಜರ ಹಾಲ್‌ನಲ್ಲಿತ್ತು, ಅವತ್ತು ಎರಡೇ ಎರಡು ಪುಕ್ಕ. ಬಿಸಿಲು ಜಾಸ್ತಿ ಆಗ್ತಿದ್ಯಾ ಅಂತ ಡೌಟು.

ಕುಡ್ಲದ_ಹಕ್ಕಿ:

ಫೋಟೋ ಜೂಮ್ ಮಾಡಿ ನೋಡಿದೆ. ಬಲಗಡೆ ಮೇಲೆ ಆಕಾಶದಲ್ಲಿ ಎರಡು ಚುಕ್ಕಿ ಉಂಟಲ್ಲ, ಇನ್ನೊಂದು ಎದುರಿನ ಬಿಲ್ಡಿಂಗ್‌ನ ಟ್ಯಾಂಕ್ ಮೇಲೆ ಕೂತದ್ದು. ಹದ್ದು ಅಲ್ವಾ ಅದು?

ಜರ್ಸಿ_ಕನ್ನಡಿಗ:

ಹೌದ್ರೀ ಹದ್ದೇ! ಬಾಲ ಕವಲಾಗಿದೆ ನೋಡಿ.

ಶಾಮಣ್ಣನ_ಮನೆ:

ಅಯ್ಯೋ ಹೌದು, ಹದ್ದುಗಳು ಇಲ್ಲಿ ಬೇಜಾನ್, ಕೆಳಗೆ ರೋಡಲ್ಲಿ ಮಟನ್ ಅಂಗಡಿ ಸಾಲಿದೆ, ಹತ್ತು ಗಂಟೆ ಮೇಲೆ ಸುತ್ತಾಡೋಕೆ ಶುರು ಮಾಡ್ತವೆ, ಒಂದೊಂದ್ಸಲ ಬಾಲ್ಕನಿ ಎದುರಿಗೇ ನಮ್ಮ ಕಣ್ಣಿನ ಮಟ್ಟಕ್ಕೆ ತೇಲ್ಕೊಂಡು ಹೋಗ್ತವೆ, ಮಗಳು ಚೆನ್ನಾಗಿದೆ ಅಂತ ವಿಡಿಯೋ ಎಲ್ಲಾ ಮಾಡಿದಾಳೆ. ಆದ್ರೆ ಪಂಜರ ಇದೆ, ಅದರ ಹೊರಗೆ ಪಾರಿವಾಳದ ಬಲೆ ಇದೆ, ಏನೂ ಮಾಡಕ್ಕಾಗಲ್ಲ ಅಲ್ವಾ ಅವು?

ಕುಡ್ಲದ_ಹಕ್ಕಿ:

ಅದು ನಿಮಗೆ ಗೊತ್ತು, ಶಾಮಣ್ಣನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಇಷ್ಟೇ, ದೊಡ್ಡ ರೆಕ್ಕೆಯ ನೆರಳು ಬಂತು, ಹಾರಿ ಹೋಗ್ಬೇಕು, ಹೋಗ್ಲಿಕ್ಕೆ ಆಗುದಿಲ್ಲ, ಅಡಗ್ಲಿಕ್ಕೆ ಎಲೆ ಇಲ್ಲ, ಜೊತೆಗೆ ಹಿಂಡು ಇಲ್ಲ. ಐದು ಗಂಟೆ ದಿನಾ ಹಾಗೆ. ದಾವಣಗೆರೆಯಲ್ಲಿ ಮೇಲೆ ವೆರಾಂಡದ ಮಾಡು ಇತ್ತು, ಎದುರು ಮರ ಇತ್ತು. ಈಗ ನಾಲ್ಕೂ ಕಡೆ ಬಯಲು. ಆ ರೆಕಾರ್ಡ್ ಮಾಡಿದ ವಿಡಿಯೋದಲ್ಲಿ ನೋಡಿ, ಕೀಳುವ ಮೊದಲು ತಲೆ ಒಂದು ಬದಿಗೆ ವಾಲಿಸಿ ಒಂದೇ ಕಣ್ಣಲ್ಲಿ ಮೇಲೆ ನೋಡ್ತಾನಾ ಅಂತ.

ಶಾಮಣ್ಣನ_ಮನೆ:

ನೋಡಿದೆ. ನೋಡ್ತಾನೆ. ಮೈಯೆಲ್ಲಾ ಬಿಗಿ ಮಾಡಿ ಸಣ್ಣಗೆ ಕಡ್ಡಿ ತರ ಆಗ್ತಾನೆ, ಅಲ್ಲಾಡದೆ ಎರಡು ನಿಮಿಷ, ಆಮೇಲೆ ಮೈ ಕೊಡವಿ ಎದೆಗೆ ಬಾಯಿ ಹಾಕ್ತಾನೆ. ಬೇರೆ ಬೇರೆ ದಿನದ ಆರು ಕ್ಲಿಪ್‌ನಲ್ಲಿ ನಾಲ್ಕರಲ್ಲಿ ಹಾಗೇ ಇದೆ. ಇಷ್ಟು ತಿಂಗಳು ನಾನು ಹಿಂದಿನ ಕುರ್ಚೀಲಿ ಕೂತು ಸೊಪ್ಪು ಬಿಡಿಸ್ತಿದ್ದೆ, ಅವನು ಆಕಾಶ ನೋಡಿ ಖುಷಿ ಪಡ್ತಿದಾನೆ ಅಂದ್ಕೊಂಡು.

ಇವತ್ತೇ ಒಳಗೆ ತಂದ್ವಿ. ಹಾಲ್ ಮೂಲೆ, ಎರಡು ಕಡೆ ಗೋಡೆ.

ಹೆಬ್ಬಾಳ_ಹಾಸ್ಟೆಲ್:

ಒಳ್ಳೇ ಪತ್ತೆದಾರಿ ಕೆಲಸ ಇದು. ಒಂದೇ ಮಾತು, ಬಿಸಿಲು ಪೂರ್ತಿ ತಪ್ಪಿಸಬೇಡಿ, ಕ್ಯಾಲ್ಸಿಯಂ ಮೈಗೆ ಹತ್ತೋಕೆ ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು, ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಆ ಕಿರಣ ತಡೆಯುತ್ತೆ. ಬೆಳಿಗ್ಗೆ ಹದ್ದು ಏಳೋ ಮುಂಚೆ 7-8 ಗಂಟೇಲಿ 20 ನಿಮಿಷ ನೀವು ಪಕ್ಕದಲ್ಲಿ ಕೂತು ಬಾಲ್ಕನೀಲಿ ಇಡಿ, ಪಂಜರದ ಮೇಲ್ಭಾಗ, ಒಂದು ಪಕ್ಕ ಬಟ್ಟೆ ಮುಚ್ಚಿ, ಅಡಗೋಕೆ ಜಾಗ ಇದೆ ಅನ್ನೋ ಧೈರ್ಯ ಇರಲಿ. ಮತ್ತೆ ಹದ್ದೊಂದೇ ಕಾರಣ ಅಂತ ಔಷಧಿ, ಊಟ ಬಿಡಬೇಡಿ. ಲಿವರ್ ಊದಿರೋದು ಹದ್ದಿಂದ ಅಲ್ಲ.

ಮನೆಮದ್ದು_ರಾಯ:

ಸರಿ ಎಣ್ಣೆ ವಾಪಸ್ ತಗೊಂಡೆ 🙏 ನುಗ್ಗೆ ಸೊಪ್ಪು ನಾನೂ ಹೇಳ್ಬೇಕಿತ್ತು.

ಶಾಮಣ್ಣನ_ಮನೆ:

ಒಂದು ತಿಂಗಳಾಯ್ತು, ಅಪ್‌ಡೇಟ್ ಹಾಕ್ತೀನಿ ಅಂದಿದ್ದೆ. ಹಗಲು ಕೀಳೋದು ಅರ್ಧಕ್ಕಿಂತ ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ತೂಕ 528. ನುಗ್ಗೆ ಸೊಪ್ಪು ತಿಂತಾನೆ, ಹಸಿಮೆಣಸಿನಕಾಯಿಗೆ ಪ್ರಾಣ ಬಿಡ್ತಾನೆ, ಕ್ಯಾರೆಟ್ ಇನ್ನೂ ಬಿಸಾಡ್ತಾನೆ. ಹಾಲ್ ಪೂರ್ತಿ ಜೋಳದ ಸಿಪ್ಪೆ, ಕೆಲಸದವರು ಇನ್ನು ಬರಲ್ಲ ಅಂತ ಹೇಳಿ 200 ರೂಪಾಯಿ ಜಾಸ್ತಿ ಮಾಡಿಸ್ಕೊಂಡ್ರು.

ಹೊಸ ಸಮಸ್ಯೆ ಶುರುವಾಗಿದೆ, ನಗಬೇಡಿ. ನಮ್ಮವರು ಅವನು ಎದೆಗೆ ಬಾಯಿ ಹಾಕಿದ ಕೂಡ್ಲೇ ಜೋರಾಗಿ "ಶಾಮಣ್ಣಾ ಬೇಡಾ!" ಅಂತ ಕೂಗಿ ಓಡಿ ಬರ್ತಾರೆ. ಈಗ ಅವನೇ ಒಂದು ಪುಕ್ಕ ಕಿತ್ತು, ನಮ್ಮವರ ದನೀಲಿ "ಶಾಮಣ್ಣಾ ಬೇಡಾ" ಅಂದು, ಬಾಗಿಲ ಕಡೆ ನೋಡ್ತಾನೆ, ಬರ್ತಾರಾ ಅಂತ.

ಜರ್ಸಿ_ಕನ್ನಡಿಗ:

😂😂 ಆಫೀಸಲ್ಲಿ ಕೂತು ನಕ್ಕೆ, ಪಕ್ಕದವನು ಏನು ಅಂತ ಕೇಳ್ದ, ಹೇಗೆ ಹೇಳ್ಲಿ.

ಆದ್ರೆ ಇದು ತಮಾಷೆ ಅಲ್ಲ, ಅವನಿಗೆ ಪುಕ್ಕ ಕಿತ್ರೆ ಯಜಮಾನರು ಬರ್ತಾರೆ ಅನ್ನೋದು ಪಾಠ ಆಗಿಹೋಗಿದೆ, ಗಾಬರಿಗೆ ಶುರುವಾಗಿದ್ದು ಈಗ ಕಾಲಿಂಗ್ ಬೆಲ್. ಬೈಗುಳ ಆದ್ರೂ ಗಿಣಿಗೆ ಅದು ಮಾತುಕತೆನೇ. ಕೀಳುವಾಗ ಯಾರೂ ತಿರುಗಿ ನೋಡಬೇಡಿ, ಏನೂ ಅನ್ನಬೇಡಿ, ಬೇಕಾದ್ರೆ ರೂಮಿಂದ ಆಚೆ ಹೋಗಿ. ಅವನು ಸಿಪ್ಪೆ ಹರೀತಿರುವಾಗ, ಮಾತಾಡ್ತಿರುವಾಗ, ಸುಮ್ನೆ ಕೂತಿರುವಾಗ ಹೋಗಿ ಮಾತಾಡ್ಸಿ, ಒಂದು ಕಡ್ಲೆಬೀಜ ಆಗ ಕೊಡಿ. ಮೊದಲ ಒಂದು ವಾರ ಜಾಸ್ತಿ ಮಾಡ್ತಾನೆ, ಯಾಕೆ ಬರ್ತಿಲ್ಲ ಅಂತ, ಗಟ್ಟಿಯಾಗಿರಿ. ರಕ್ತ ಬಂದ್ರೆ, ಮಾಂಸ ಕಚ್ಚಿದ್ರೆ ಆ ಮಾತು ಬೇರೆ, ಆಗ ಡಾಕ್ಟರ್. ಮನಸ್ಸಿನ ಔಷಧಿಗಳೂ ಇವೆ, ಮನುಷ್ಯರಿಗೆ ಕೊಡೋವೇ, ಆದ್ರೆ ಅದು ಡಾಕ್ಟರ್ ಮಾತ್ರ ಅಳೆದು ಕೊಡೋದು, ಮೆಡಿಕಲ್ ಶಾಪ್‌ಗೆ ಹೋಗಿ ಮಾತ್ರೆ ಮುರಿದು ಹಾಕಿದವರ ಕತೆ ಕೇಳಿದೀನಿ, ಬೇಡ.

ಧಾರವಾಡ_ಫೇಡೆ:

ಯಜಮಾನ್ರಿಗೆ ಟ್ರೇನಿಂಗ್ ಕೊಡೂದು ಗಿಣಿಗಿಂತ ಕಷ್ಟ ಐತಿ ಬಿಡ್ರಿ.

ಶಾಮಣ್ಣನ_ಮನೆ:

ಅವರಿಗೆ ಈ ಥ್ರೆಡ್ ಓದೋಕೆ ಕೊಟ್ಟಿದೀನಿ, "ಕಾಲಿಂಗ್ ಬೆಲ್" ಅಂದಿದ್ದಕ್ಕೆ ಸ್ವಲ್ಪ ಮುನಿಸು.

ಮೂರನೇ ತಿಂಗಳು ಇದು. ನಿನ್ನೆ ಸ್ನಾನ ಮಾಡಿಸುವಾಗ ಎದೆ ಮೇಲೆ ಬಿಳೀ ಕಡ್ಡಿ ತರ ಸಣ್ಣ ಮುಳ್ಳು ಮುಳ್ಳು ಕಾಣ್ತು, ಮೊದಲು ಗಾಬರಿ ಆಯ್ತು, ಆಮೇಲೆ ಎಣಿಸಿದೆ, 14 ಇದೆ. ಹೊಸ ಪುಕ್ಕನೇ ಅಲ್ವಾ? ಎಡ ತೊಡೆ ಮೇಲೆ ಮಾತ್ರ ಏನೂ ಬಂದಿಲ್ಲ, ಚರ್ಮ ನುಣ್ಣಗಿದೆ. ಅಲ್ಲಿ ಕಿತ್ತು ಕಿತ್ತು ಬೇರು ಹಾಳಾಗಿದ್ರೆ ಮತ್ತೆ ಬರದೇ ಇರಬಹುದು ಅಂತ ಡಾಕ್ಟರ್ ಹೇಳಿದ್ರು. ಬರದಿದ್ರೂ ಪರವಾಗಿಲ್ಲ, ತೊಡೆ ಯಾರು ನೋಡ್ತಾರೆ. ಮಾತು ವಾಪಸ್ ಬಂದಿದೆ, ಬೆಳಿಗ್ಗೆ ಐದೂವರೆಗೇ "ಹಾಲು ಬಂತಾ" ಶುರು, ಇಲ್ಲಿ ಹಾಲು ಆ್ಯಪ್‌ನಲ್ಲಿ ಬರೋದು ಅಂತ ಅವನಿಗೆ ಯಾರು ಹೇಳ್ಬೇಕು.

ಹೆಬ್ಬಾಳ_ಹಾಸ್ಟೆಲ್:

ಹೊಸ ಪುಕ್ಕನೇ. ಆ ಮುಳ್ಳಿನ ಒಳಗೆ ಈಗ ರಕ್ತ ಓಡ್ತಿರುತ್ತೆ, ಮುರಿದ್ರೆ ರಕ್ತ ಸುರಿಯುತ್ತೆ, ಹಿಸುಕಬೇಡಿ. ಒಂದು ವೇಳೆ ಮುರಿದ್ರೆ ಕಾರ್ನ್ ಫ್ಲೋರ್ ಒತ್ತಿ ಹಿಡಿದು ಡಾಕ್ಟರ್‌ಗೆ ಫೋನ್ ಮಾಡಿ. ಮೇಲಿನ ಬಿಳೀ ಪೊರೆ ತಾನಾಗೇ ಉದುರುತ್ತೆ, ಆ ಟೈಮಲ್ಲಿ ತುರಿಕೆ ಜಾಸ್ತಿ, ಮತ್ತೆ ಬಾಯಿ ಹಾಕಬಹುದು, ಸ್ನಾನ ಸ್ವಲ್ಪ ಜಾಸ್ತಿ ಮಾಡ್ಸಿ.

ಕುಡ್ಲದ_ಹಕ್ಕಿ:

14 ಎಣಿಸಿದ್ರಲ್ಲ, ಖುಷಿ ಆಯ್ತು ಮಾರಾಯ್ರೆ. ಈಗ ಕೊಕ್ಕಿಗೆ ಕೆಲಸ ಇನ್ನೂ ಜಾಸ್ತಿ ಬೇಕು. ಜೋಳದ ಸಿಪ್ಪೆಗಿಂತ ಅಡಿಕೆ ಹಾಳೆ ಒಳ್ಳೆದು, ಗಟ್ಟಿ ಉಂಟು, ನಾರು ನಾರಾಗಿ ಎಳೀಲಿಕ್ಕೆ ಆಗ್ತದೆ, ನಮ್ಮ ಮನೆಯ ಹಕ್ಕಿಗಳಿಗೆ ಒಂದು ಹಾಳೆ ಎರಡು ದಿನ ಬರ್ತದೆ. ನೀರಲ್ಲಿ ನೆನಸಿ, ತೊಳೆದು, ಒಣಗಿಸಿ, ಮಧ್ಯದಲ್ಲಿ ಎರಡು ಕಡ್ಲೆಬೀಜ ಮಡಚಿ ಕಟ್ಟಿ. ನಿಮ್ಮ ವಿಳಾಸ ಮೆಸೇಜ್ ಮಾಡಿ, ನಾನು ಪಾರ್ಸೆಲ್ ಮಾಡ್ತೇನೆ. ಮಳೆ ಹಿಡಿಯುವ ಮೊದಲು ಹೇಳಿ ಆಯ್ತಾ, ಆಮೇಲೆ ತೋಟಕ್ಕೆ ಅಡಿಕೆಯ ಕೊಳೆರೋಗಕ್ಕೆ ಅಂತ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೀತಾರೆ, ಮೈಲುತುತ್ತ ತಾಗಿದ ಹಾಳೆ ಹಕ್ಕಿಗೆ ಕೊಡ್ಲಿಕ್ಕೆ ಆಗುದಿಲ್ಲ.

ಶಾಮಣ್ಣನ_ಮನೆ:

ಮೆಸೇಜ್ ಮಾಡಿದೀನಿ ಅಣ್ಣ. ಹಾಳೆ ದುಡ್ಡು ಎಷ್ಟು ಅಂತ ಹೇಳಿ.

ಕುಡ್ಲದ_ಹಕ್ಕಿ:

ಹಾಳೆಗೆ ಎಂತ ದುಡ್ಡು, ತೋಟದಲ್ಲಿ ಬಿದ್ದದ್ದು. ಕೊರಿಯರ್ ಮಾತ್ರ ಕೊಡಿ.